ನಕಾಶೆಯಲ್ಲಿರುವ ದಾರಿಗೆ ರೈತ ಅರ್ಜಿ ಹಾಕಬೇಕೆ?

ದಾರಿ ಜಗಳ ಏಳುವುದು ಸುಗ್ಗಿಯಲ್ಲಿ. ಮಳೆಗಾಲದಲ್ಲಿ ಗೊಬ್ಬರದ ಚೀಲ ಹೊತ್ತು ಬದುವಿನ ಮೇಲೆ ಹೇಗೋ ನಡೆದಾಡಿರುತ್ತಾರೆ. ಗೋವಿನಜೋಳ ಮುರಿದು ಟ್ರ್ಯಾಕ್ಟರ್ ಕರೆಸಿದ ದಿನ ಮುಂದಿನ ಹೊಲದವನು ಮುಳ್ಳು ಹಚ್ಚಿ ನಿಂತಿರುತ್ತಾನೆ. ನಮ್ಮ ಸಂಬಂಧಿಕರೊಬ್ಬರು ಎರಡು ವರ್ಷ ಫಸಲನ್ನು ಆಳು ಹಚ್ಚಿ ತಲೆಹೊರೆಯಲ್ಲಿ ತರಿಸಿದರು. ಬಂದ ಲಾಭವನ್ನೆಲ್ಲ ಕೂಲಿಯೇ ತಿಂದಿತು. ಮೂರನೆಯ ವರ್ಷ ಆ ಹೊಲವನ್ನು ದಾರಿ ಕಟ್ಟಿದವನಿಗೇ ಲಾವಣಿಗೆ ಕೊಟ್ಟರು. ಎಷ್ಟೋ ಸಲ ದಾರಿ ಕಟ್ಟುವುದೇ ಇದಕ್ಕಾಗಿ ಎಂಬುದು ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತು.

ಆ ಹೊಲಕ್ಕೆ ಬಂಡಿದಾರಿ ಇತ್ತು. ಗ್ರಾಮ ನಕಾಶೆಯಲ್ಲಿ ಈಗಲೂ ಇದೆ. ಚುಕ್ಕೆಗಳ ಒಂಟಿ ಸಾಲು ಕಾಲುದಾರಿ, ಜೋಡಿ ಸಾಲು ಬಂಡಿದಾರಿ. ಸರ್ವೆಯವರು ಸರಪಳಿ ಎಳೆದು ಗುರುತಿಸಿದ್ದು ಅದು. ಎಷ್ಟೋ ಪಹಣಿಗಳಲ್ಲಿ ಅಂಥ ಜಾಗ ‘ಬಿ ಖರಾಬು’ ಎಂದು ದಾಖಲಾಗಿದೆ. ಎಂದರೆ ಅದಕ್ಕೆ ಯಾರೂ ಕಂದಾಯ ಕಟ್ಟಿಲ್ಲ, ಅದು ಯಾರ ಹೊಲವೂ ಅಲ್ಲ. ಆದರೆ ವರ್ಷಕ್ಕೆ ಒಂದೊಂದು ನೇಗಿಲ ಸಾಲು ಒಳಕ್ಕೆ ಸರಿದು, ಎತ್ತಿನ ಬಂಡಿ ಹೋಗುತ್ತಿದ್ದಲ್ಲಿ ಇಂದು ಸೈಕಲ್ ಕೂಡ ಹೋಗುವುದಿಲ್ಲ. ಒತ್ತಿದವನಿಗಾದರೂ ಸಿಕ್ಕಿದ್ದೆಷ್ಟು? ಗುಂಟೆಗೆ 1089 ಚದರಡಿ. 330 ಅಡಿ ಉದ್ದಕ್ಕೆ ಒಂದಡಿ ಒತ್ತಿದರೆ ಮೂರನೇ ಒಂದು ಗುಂಟೆಯೂ ಆಗುವುದಿಲ್ಲ. ಅಷ್ಟಕ್ಕಾಗಿ ಹಿಂದಿನ ಹತ್ತಾರು ಎಕರೆ ಬೀಳು ಬೀಳುತ್ತದೆ.

ಕಾನೂನು ಇಲ್ಲವೆಂದಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಂ ಪ್ರಕಾರ ಸಾರ್ವಜನಿಕ ರಸ್ತೆ, ಓಣಿ, ದಾರಿಗಳು ಸರ್ಕಾರದ ಸ್ವತ್ತು. ಬಳಕೆಗೆ ಬೇಡವಾದ ದಾರಿಯ ಮೇಲಿನ ಹಕ್ಕನ್ನು ರದ್ದು ಮಾಡಬೇಕಾದರೂ 68ನೇ ಕಲಂ ಪ್ರಕಾರ ಜಿಲ್ಲಾಧಿಕಾರಿ ಪ್ರಕಟಣೆ ಹೊರಡಿಸಿ ಜನರ ತಕರಾರು ಕೇಳಬೇಕು. ಜಿಲ್ಲಾಧಿಕಾರಿಗೂ ಏಕಾಏಕಿ ಮುಚ್ಚಲಾಗದ ದಾರಿಯನ್ನು ಒಬ್ಬ ಹಿಡುವಳಿದಾರ ಒಂದು ರಾತ್ರಿಯಲ್ಲಿ ಮುಚ್ಚುತ್ತಾನೆ.

2023ರಲ್ಲಿ ಕಂದಾಯ ಇಲಾಖೆ ಈ ಬಗ್ಗೆ ಸುತ್ತೋಲೆ ಹೊರಡಿಸಿ, ರೈತರಿಗೆ ದಾರಿ ಬಿಡಿಸಿಕೊಡುವಂತೆ ತಹಶೀಲ್ದಾರರಿಗೆ ಸೂಚಿಸಿತು. ಸ್ವಾಗತಾರ್ಹ ಹೆಜ್ಜೆಯೇ. ಆದರೆ ಅದು ಆಧರಿಸಿದ್ದು 1882ರ ಅನುಭೋಗದ ಹಕ್ಕಿನ ಕಾಯ್ದೆ ಮತ್ತು ದಂಡ ಪ್ರಕ್ರಿಯಾ ಸಂಹಿತೆಯ 147ನೇ ಕಲಂ. ನನ್ನ ಆಕ್ಷೇಪ ಇರುವುದು ಇಲ್ಲಿಯೇ. ಆ 147ನೇ ಕಲಂ (ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 166) ಕೆಲಸ ಮಾಡುವುದು ಶಾಂತಿಭಂಗದ ಸಂಭವ ಇದ್ದರೆ ಮಾತ್ರ. ಜೊತೆಗೆ, ವರ್ಷವಿಡೀ ಬಳಸುವ ದಾರಿಯಾದರೆ ದೂರು ಮುಟ್ಟುವುದಕ್ಕೆ ಹಿಂದಿನ ಮೂರು ತಿಂಗಳೊಳಗೆ ಅಲ್ಲಿ ಓಡಾಡಿರಬೇಕು. ಬಡಿಗೆ ಹಿಡಿದು ನಿಲ್ಲುವ ಶಕ್ತಿ ಇಲ್ಲದ ವಿಧವೆ, ಹಿರಿಯರ ಮಾತಿಗೆ ಬೆಲೆ ಕೊಟ್ಟು ಒಂದು ಸುಗ್ಗಿ ಕಾದ ರೈತ ಇಲ್ಲಿಯೇ ಸೋಲುತ್ತಾರೆ. ಇನ್ನು ಅನುಭೋಗದ ಹಕ್ಕಿಗೆ ಇಪ್ಪತ್ತು ವರ್ಷ ನಿರಾತಂಕವಾಗಿ ನಡೆದದ್ದನ್ನು ಸಿವಿಲ್ ನ್ಯಾಯಾಲಯದಲ್ಲಿ ರುಜುವಾತು ಮಾಡಬೇಕು. ವಾಯಿದೆ ಮೇಲೆ ವಾಯಿದೆ ಬೀಳುವಷ್ಟರಲ್ಲಿ ಹೊಲದಲ್ಲಿ ಜಾಲಿ ಬೆಳೆದಿರುತ್ತದೆ.

ಸರ್ಕಾರದ ಸ್ವತ್ತನ್ನು ಕಾಯಬೇಕಾದದ್ದು ಸರ್ಕಾರ. ಗೋಮಾಳ ಒತ್ತಿದರೆ ಅದು ಸರ್ಕಾರಿ ಜಮೀನಿನ ಒತ್ತುವರಿ; ನಕಾಶೆಯ ದಾರಿ ಒತ್ತಿದರೆ ಮಾತ್ರ ಅದು ಇಬ್ಬರು ರೈತರ ಖಾಸಗಿ ವ್ಯಾಜ್ಯ ಹೇಗಾಯಿತು? ‘ಪರಸ್ಪರ ರಾಜಿ ಮಾಡಿಕೊಂಡು ಬನ್ನಿ’ ಎಂದು ಕಚೇರಿಯಿಂದ ಹೊರಗೆ ಕಳಿಸುವ ಹಕ್ಕು ಯಾವ ಅಧಿಕಾರಿಗೂ ಇಲ್ಲ. ಒಂದು ಗೆರೆ ಎಲ್ಲಿದೆಯೆಂದು ನೋಡಲು ‘ದಿಶಾಂಕ್’ ಆ್ಯಪ್ ಇದೆ, ಅಳೆಯಲು ಭೂಮಾಪಕರಿದ್ದಾರೆ. ಊರೂರಿನ ನಕಾಶೆ ಹಿಡಿದು ದಾರಿಗಳನ್ನು ತಾನಾಗಿಯೇ ಅಳೆಸಿ, ಕಲ್ಲು ನೆಡಿಸುವುದು ಇಲಾಖೆಯ ಕೆಲಸ.

ಹೊಲದ ದಾರಿಗಿಂತ ಹೆಚ್ಚು ನೋಯಿಸುವುದು ಸ್ಮಶಾನದ ದಾರಿ. ಹೆಣ ಹೊತ್ತವರನ್ನು ಹೊಲದ ಬದುವಿನಲ್ಲಿ ತಡೆದು ನಿಲ್ಲಿಸಿದ ಸುದ್ದಿ ಪತ್ರಿಕೆಗಳಿಗೆ ಹೊಸದಲ್ಲ. ತಡೆಯಲ್ಪಟ್ಟವರು ಹೆಚ್ಚಾಗಿ ದಲಿತರು. ರೂಢಿಯ ದಾರಿಯ ಹಕ್ಕನ್ನು ಅವರಿಗೆ ನಿರಾಕರಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆ ಬಂದಾಗಿನಿಂದಲೂ ಅಪರಾಧ. ಅದನ್ನೂ ‘ದಾರಿ ತಕರಾರು’ ಎಂದು ಬರೆದುಕೊಂಡು ಕೈತೊಳೆದುಕೊಳ್ಳುವುದು ನಾಚಿಕೆಗೇಡು.

‘ನನಗಿರುವುದೇ ಎರಡೆಕರೆ, ದಾರಿ ಬಿಟ್ಟರೆ ಉಣ್ಣುವುದೇನು?’ ಎನ್ನುವ ರೈತನ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ನಕಾಶೆಯಲ್ಲಿರುವ ದಾರಿಯಾದರೆ ಅವನು ತನ್ನದೇನನ್ನೂ ಬಿಡುತ್ತಿಲ್ಲ. ಆದರೆ ನಕಾಶೆಯಲ್ಲಿಲ್ಲದ ರೂಢಿದಾರಿಗಳು ಸಾವಿರಾರು ಇವೆ. ಅಲ್ಲಿ ಅವನ ಪ್ರಶ್ನೆಗೆ ಅರ್ಥವಿದೆ, ಪರಿಹಾರ ಕೊಡಲೇಬೇಕು. ನೆರೆಯ ಮಹಾರಾಷ್ಟ್ರದ ಭೂಕಂದಾಯ ಸಂಹಿತೆಯ 143ನೇ ಕಲಂ, ಹೊಲಗಳ ಗಡಿಯ ಮೇಲೆ ದಾರಿ ಗೊತ್ತುಪಡಿಸುವ ಅಧಿಕಾರವನ್ನು ತಹಶೀಲ್ದಾರರಿಗೆ ಕೊಟ್ಟಿದೆ. 1906ರ ಮಾಮಲೇದಾರ್ ನ್ಯಾಯಾಲಯ ಕಾಯ್ದೆಯಡಿ ಹೊಲದ ದಾರಿಯ ಅಡ್ಡಿಯನ್ನೂ ಅಲ್ಲಿ ಅವರೇ ತೆಗೆಸಬಹುದು. ಹೊಡೆದಾಟದ ಹಂತಕ್ಕೆ ಹೋಗುವ ತನಕ ಕಾಯಬೇಕಿಲ್ಲ. ಇಂಥದೊಂದು ಕಲಂ ನಮ್ಮ ಕಾಯ್ದೆಗೂ ಬರಬೇಕು. ಅಣ್ಣತಮ್ಮಂದಿರು ಪಾಲಾಗಿ 11-ಇ ನಕ್ಷೆ ಮಾಡಿಸುವಾಗ ಪ್ರತಿ ತುಂಡಿಗೂ ದಾರಿ ತೋರಿಸದೆ ನಕ್ಷೆ ಕೊಡಬಾರದು. ನಾಳಿನ ಅರ್ಧ ಜಗಳ ಅಲ್ಲಿಯೇ ಮುಗಿಯುತ್ತದೆ.

ಮುಂದಿನ ಬಿತ್ತನೆಗೆ ಮುಂಚೆ ನಿಮ್ಮೂರಿನ ನಕಾಶೆಯ ಪ್ರತಿ ತೆಗೆಸಿ, ಗ್ರಾಮಸಭೆಯಲ್ಲಿ ಎಲ್ಲರೆದುರು ಹರಡಿ. ಅದರಲ್ಲಿರುವ ಒಂದೊಂದು ದಾರಿಯ ಹೆಸರನ್ನೂ ನಡಾವಳಿಯಲ್ಲಿ ಬರೆಸಿ, ತಹಶೀಲ್ದಾರರಿಂದ ಲಿಖಿತ ಉತ್ತರ ಕೇಳಿ. ಬೆಳೆ ಎದ್ದು ನಿಂತ ಮೇಲೆ ದಾರಿ ಬಿಡಿಸುವುದು ಇನ್ನೂ ಕಷ್ಟ.