ಚಕ್ರ ನಿಂತಿತು, ಪುರೋಹಿತ ಮಾತಾಡಿದ

ಷಟ್ಖಂಡಗಳನ್ನು ಗೆದ್ದು ಬಂದ ಭರತನ ಚಕ್ರರತ್ನವು ಅಯೋಧ್ಯೆಯ ಹೆಬ್ಬಾಗಿಲಲ್ಲಿ ನಿಂತುಬಿಡುವ ಪ್ರಸಂಗವನ್ನು ಓದದ ಕನ್ನಡ ಸಾಹಿತ್ಯ ವಿದ್ಯಾರ್ಥಿಯಿಲ್ಲ. ಅದನ್ನು ಕುರಿತ ಲೇಖನಗಳಿಗೂ ಕೊರತೆಯಿಲ್ಲ. ಆದರೆ ಚಕ್ರ ನಿಂತ ಗಳಿಗೆಗೂ ಪೌದನಪುರಕ್ಕೆ ದೂತ ಹೊರಟ ಗಳಿಗೆಗೂ ನಡುವೆ ಒಬ್ಬ ವ್ಯಕ್ತಿ ಇದ್ದಾನೆ. ಚಕ್ರಕ್ಕೆ ಬಾಯಿಲ್ಲ, ಅದು ಏಕೆ ನಿಂತಿತೆಂದು ಹೇಳಿದವನು ಪುರೋಹಿತ. ಅಣ್ಣತಮ್ಮಂದಿರ ರಾಜ್ಯವ್ಯಾಜ್ಯಕ್ಕೆ ಮೊದಲ ವಾಕ್ಯವನ್ನು ಒದಗಿಸಿದ ಈ ಪಾತ್ರವನ್ನು ನಮ್ಮ ವಿಮರ್ಶೆಯು ಒಂದೋ ಕಾಣದೆ ದಾಟುತ್ತದೆ, ಇಲ್ಲವೇ ಕಂಡೊಡನೆ ಕಟಕಟೆಯಲ್ಲಿ ನಿಲ್ಲಿಸುತ್ತದೆ. ಎರಡೂ ಓದುಗಳು ಪಠ್ಯಕ್ಕೆ ಎಸಗುವ ಅನ್ಯಾಯ ಸಣ್ಣದಲ್ಲ.

ಕಾಣದೆ ದಾಟುವವರ ವಾದ ಸುಪರಿಚಿತ. ಚಕ್ರವು ಭರತನ ಅಹಂಕಾರದ ಪ್ರತೀಕ. ಅಹಂಕಾರ ಅಳಿಯುವ ತನಕ ಅದು ಒಳಗೆ ಬಾರದು. ಉಳಿದದ್ದೆಲ್ಲ ಕಥೆಯ ಉಪಚಾರ. ಕೇಳಲು ಸೊಗಸಾಗಿದೆ. ಆದರೆ ಹೆಬ್ಬಾಗಿಲಿಗೆ ಬರುವ ಮುನ್ನವೇ ಭರತನು ವೃಷಭಾಚಲವನ್ನು ಹತ್ತಿದ್ದಾನೆ. ತನ್ನ ದಿಗ್ವಿಜಯದ ಪ್ರಶಸ್ತಿಯನ್ನು ಕೆತ್ತಿಸಲು ಹೋದವನಿಗೆ ಅಲ್ಲಿ ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ಬಂಡೆಯೇ ತುಂಬಿಹೋಗಿರುವುದು ಕಾಣುತ್ತದೆ. ಗರ್ವ ಇಳಿದು, ಒಬ್ಬನ ಹೆಸರನ್ನು ಅಳಿಸಿ ತನ್ನ ಹೆಸರನ್ನು ಬರೆಸುತ್ತಾನೆ. ಪಂಪನನ್ನು ಓದಿದವರು ಈ ಸನ್ನಿವೇಶವನ್ನು ಮರೆಯಲಾರರು. ಅಹಂಕಾರಭಂಗವೇ ಕಥೆಯ ಗುರಿಯಾಗಿದ್ದರೆ ಆ ಕೆಲಸ ಅಲ್ಲಿಯೇ ಆಗಿತ್ತು. ಕವಿ ಅದನ್ನೇ ಮತ್ತೊಮ್ಮೆ ಮಾಡಲು ಊರ ಬಾಗಿಲ ತನಕ ಏಕೆ ಕಾಯಬೇಕು? ಬಾಗಿಲಲ್ಲಿ ಎದ್ದ ಪ್ರಶ್ನೆ ಬೇರೆ. ಅದು ದಾಯಭಾಗದ ಪ್ರಶ್ನೆ.

ಋಷಭನಾಥನು ತಪಸ್ಸಿಗೆ ಹೊರಡುವ ಮುನ್ನ ರಾಜ್ಯವನ್ನು ವಿಲೇವಾರಿ ಮಾಡಿಯೇ ಹೊರಟಿದ್ದನು. ಭರತನಿಗೆ ಸಾಮ್ರಾಜ್ಯ, ಬಾಹುಬಲಿಗೆ ಯುವರಾಜ ಪದವಿ ಮತ್ತು ಪೌದನಪುರ, ಉಳಿದ ಮಕ್ಕಳಿಗೆ ಅವರವರ ನಾಡು. ಇದು ತಂದೆಯೇ ಮಾಡಿದ ಪಾಲು. ಭರತನ ಆಯುಧಾಗಾರದಲ್ಲಿ ಚಕ್ರ ಹುಟ್ಟಿದ್ದು ಅದರ ನಂತರ. ಹಾಗಾದರೆ ತರುವಾಯ ಬಂದ ಚಕ್ರದ ಹಕ್ಕು ಮೊದಲೇ ಕೊಟ್ಟ ಪಾಲನ್ನು ರದ್ದುಗೊಳಿಸುತ್ತದೆಯೇ? ಬಾಹುಬಲಿಯ ವಾದದ ತಿರುಳು ಇಷ್ಟೇ: ನನಗೆ ನೆಲ ಕೊಟ್ಟವನು ನಮ್ಮ ತಂದೆ, ಅದನ್ನು ಅಣ್ಣನ ಕೃಪೆಯೆಂದು ನಾನೇಕೆ ಒಪ್ಪಲಿ? ಈ ಮಾತನ್ನು ಕೇವಲ ಅಭಿಮಾನಿಯ ಹಠವೆಂದು ತಳ್ಳಿಹಾಕುವವರು ಅದರ ಹಿಂದಿರುವ ನ್ಯಾಯವನ್ನು ನೋಡುವುದಿಲ್ಲ.

ಜಿನಸೇನಾಚಾರ್ಯರ ಪೂರ್ವಪುರಾಣದ 34ನೆಯ ಪರ್ವದಲ್ಲಿ ಪುರೋಹಿತ ಮಾಡುವ ಕೆಲಸದ ಗಾಂಭೀರ್ಯ ಇಲ್ಲಿಯೇ ಇದೆ. ಹೊರಗಿನ ಶತ್ರುಗಳನ್ನು ಗೆದ್ದಾಯಿತು, ಒಳಗಿನವರು ಉಳಿದಿದ್ದಾರೆ, ತಮ್ಮಂದಿರು ಇನ್ನೂ ನಿನಗೆ ಎರಗಿಲ್ಲ ಎಂಬುದು ಅವನ ಉತ್ತರದ ಸಾರ. ಹೀಗೆ ಹೇಳಿದ ಕ್ಷಣದಲ್ಲಿ ತಮ್ಮಂದಿರು ದಾಯಾದರ ಸಾಲಿನಿಂದ ‘ಗೆಲ್ಲದೆ ಉಳಿದವರ’ ಸಾಲಿಗೆ ಸರಿದರು. ತಂದೆಯ ಪಾಲಿನ ಮಾತು ದಿಗ್ವಿಜಯದ ಮಾತಾಯಿತು. ಒಂದು ಸೈನ್ಯವೂ ಚಲಿಸದೆ, ಒಂದು ಬಾಣವೂ ಹಾರದೆ, ಕೇವಲ ಒಂದು ವ್ಯಾಖ್ಯಾನದಿಂದ ಇಷ್ಟು ನಡೆದುಹೋಯಿತು.

ಇದನ್ನು ಕಂಡೊಡನೆ ಎರಡನೆಯ ಪಂಗಡದವರು ಉತ್ಸಾಹದಿಂದ ಎದ್ದು ನಿಲ್ಲುತ್ತಾರೆ. ವೈದಿಕ ಪುರೋಹಿತಶಾಹಿಯು ಅಣ್ಣತಮ್ಮಂದಿರ ನಡುವೆ ಹುಳಿ ಹಿಂಡಿತು, ಜೈನಕವಿ ಅದನ್ನು ಬಯಲಿಗೆಳೆದನು ಎಂಬುದು ಅವರ ನಿರ್ಣಯ. ವಿಚಾರಸಂಕಿರಣಗಳಲ್ಲಿ ಇದಕ್ಕೆ ಚಪ್ಪಾಳೆ ಬೀಳುವುದು ಸಹಜ. ಆದರೆ ಪುರಾಣವನ್ನು ನಾಲ್ಕು ಪರ್ವ ಮುಂದಕ್ಕೆ ಓದುವ ತಾಳ್ಮೆ ಇದ್ದಿದ್ದರೆ ಈ ವಾದ ಹುಟ್ಟುತ್ತಲೇ ಇರಲಿಲ್ಲ. ಜಿನಸೇನರು ಕಟ್ಟಿದ ಜಗತ್ತಿನಲ್ಲಿ ಋಷಭನಾಥನು ಸ್ಥಾಪಿಸಿದ್ದು ಮೂರು ವರ್ಣಗಳನ್ನು. ಬ್ರಾಹ್ಮಣವರ್ಣವನ್ನು ಸ್ಥಾಪಿಸಿದವನು ಭರತ. ಅದೂ ದಿಗ್ವಿಜಯ ಮುಗಿದು, ಬಾಹುಬಲಿಯ ಪ್ರಸಂಗವೂ ಮುಗಿದ ಮೇಲೆ, 38ನೆಯ ಪರ್ವದಲ್ಲಿ. ಅಂಗಳದಲ್ಲಿ ಹರಡಿದ ಹಸಿರು ಮೊಳಕೆಗಳನ್ನು ತುಳಿಯಲೊಲ್ಲದವರನ್ನು ಆರಿಸಿ ಅವರಿಗೆ ಯಜ್ಞೋಪವೀತ ಕೊಟ್ಟ ಕಥೆ ಅಲ್ಲಿ ಬರುತ್ತದೆ. ಅಂದಮೇಲೆ ಹೆಬ್ಬಾಗಿಲಲ್ಲಿ ನಿಂತು ಮಾತಾಡಿದ ಪುರೋಹಿತ ಬ್ರಾಹ್ಮಣನಾಗಿರುವುದು ಹೇಗೆ? ಆ ವರ್ಣವೇ ಇನ್ನೂ ಹುಟ್ಟಿರಲಿಲ್ಲ. ಇನ್ನು ಪಂಪನಾದರೋ ತನ್ನ ಮನೆತನದ ವಿಪ್ರಮೂಲವನ್ನು ಅಭಿಮಾನದಿಂದಲೇ ಹೇಳಿಕೊಂಡವನು. ಅವನ ಬಾಯಲ್ಲಿ ಇಪ್ಪತ್ತನೆಯ ಶತಮಾನದ ಭಾಷಣವನ್ನು ತುರುಕುವುದು ವಿಮರ್ಶೆಯಲ್ಲ, ದರೋಡೆ.

ಚಕ್ರವರ್ತಿಯ ಪುರೋಹಿತ ಒಂದು ಜಾತಿಯ ಪ್ರತಿನಿಧಿಯಲ್ಲ, ಒಂದು ರತ್ನ. ಹದಿನಾಲ್ಕು ರತ್ನಗಳಲ್ಲಿ ಏಳು ನಿರ್ಜೀವ: ಚಕ್ರ, ಛತ್ರ, ದಂಡ, ಖಡ್ಗ, ಮಣಿ, ಚರ್ಮ, ಕಾಕಿಣಿ. ಏಳು ಸಜೀವ: ಸೇನಾಪತಿ, ಗೃಹಪತಿ, ಸ್ಥಪತಿ, ಪುರೋಹಿತ, ಗಜ, ಅಶ್ವ, ಸ್ತ್ರೀ. ಚಕ್ರವೂ ಪುರೋಹಿತನೂ ಒಂದೇ ಪಟ್ಟಿಗೆ ಸೇರಿದವರು ಎಂಬುದನ್ನು ಗಮನಿಸಿದವರು ವಿರಳ. ಒಂದು ರತ್ನ ನಿಂತಾಗ ಅದರ ಅರ್ಥ ಹೇಳಿದ್ದು ಇನ್ನೊಂದು ರತ್ನ. ಎರಡಕ್ಕೂ ಒಡೆಯ ಒಬ್ಬನೇ. ಸಾಕ್ಷಿಯೂ ಸಾಕ್ಷಿಯ ವ್ಯಾಖ್ಯಾನಕಾರನೂ ವಾದಿಯ ಮನೆಯವರೇ ಆದರೆ ತೀರ್ಪು ಯಾವ ಕಡೆಗೆ ವಾಲುತ್ತದೆಂದು ಕೇಳಬೇಕಾಗಿಲ್ಲ.

ಅರ್ಥಶಾಸ್ತ್ರವು ಪುರೋಹಿತನಿಗೆ ವಿಧಿಸುವ ಯೋಗ್ಯತೆಗಳಲ್ಲಿ ವೇದಜ್ಞಾನದ ಜೊತೆಗೆ ನಿಮಿತ್ತಜ್ಞಾನವೂ ದಂಡನೀತಿಯೂ ಸೇರಿವೆ. ಶಕುನವನ್ನು ಓದುವವನೂ ರಾಜನೀತಿಯನ್ನು ಹೇಳುವವನೂ ಒಬ್ಬನೇ. ಅಪಾಯ ಇರುವುದು ಈ ಜೋಡಣೆಯಲ್ಲಿ, ವ್ಯಕ್ತಿಯ ದುಷ್ಟತನದಲ್ಲಲ್ಲ. ಜಿನಸೇನರ ಪುರೋಹಿತ ದುಷ್ಟನೂ ಅಲ್ಲ. ಅವನ ಮಾತು ಕೇಳಿ ಭರತ ಸಿಡಿದಾಗ ಕೋಪವು ನಿನಗೆ ತಕ್ಕದ್ದಲ್ಲವೆಂದು ತಣಿಸಿ, ಮೊದಲು ದೂತರನ್ನು ಕಳಿಸು, ಸಾಮೋಪಾಯವನ್ನು ಹಿಡಿ ಎನ್ನುವವನೂ ಅವನೇ. ಖಳನಾಯಕನನ್ನು ಬಯಸುವವರಿಗೆ ಈ ಭಾಗ ಇಷ್ಟವಾಗದು. ಆದ್ದರಿಂದಲೇ ಅದು ಉಲ್ಲೇಖಗಳಲ್ಲಿ ಕಾಣಿಸದು. ಅವನು ತನ್ನ ಉದ್ಯೋಗದ ಧರ್ಮವನ್ನು ಸರಿಯಾಗಿಯೇ ಮಾಡಿದನು, ಮತ್ತು ಅದರಿಂದಲೇ ಮನೆ ಒಡೆಯಿತು.

ಇದನ್ನು ಬರೆದವರು ಕಾಡಿನಲ್ಲಿ ಕುಳಿತ ಮುಗ್ಧರೇನೂ ಅಲ್ಲ. ಜಿನಸೇನರ ಕಾಲದ ರಾಷ್ಟ್ರಕೂಟ ಮನೆತನದ ಇತಿಹಾಸವೇ ಅಣ್ಣತಮ್ಮಂದಿರ ಇತಿಹಾಸ. ಧ್ರುವನು ಅಣ್ಣ ಇಮ್ಮಡಿ ಗೋವಿಂದನನ್ನು ಕೆಳಗಿಳಿಸಿ ಪಟ್ಟವೇರಿದನು. ಅವನ ತರುವಾಯ ಹಿರಿಯ ಮಗ ಸ್ತಂಭನನ್ನು ಬಿಟ್ಟು ಮುಮ್ಮಡಿ ಗೋವಿಂದ ಅರಸನಾದಾಗ ಸ್ತಂಭನು ಹಲವು ಅರಸರನ್ನು ಕೂಡಿಸಿಕೊಂಡು ದಂಗೆಯೆದ್ದನು. ಸೋತ ಅಣ್ಣನನ್ನು ತಮ್ಮನು ಕ್ಷಮಿಸಿ ಗಂಗವಾಡಿಗೆ ಕಳಿಸಿದನು. 814ರಲ್ಲಿ ಪಟ್ಟಕ್ಕೆ ಬಂದ ಬಾಲಕ ಅಮೋಘವರ್ಷನನ್ನು ಬಂಡಾಯಗಳು ಬಿಡಲಿಲ್ಲ. ಅದೇ ಅಮೋಘವರ್ಷನಿಗೆ ಗುರುಸ್ಥಾನದಲ್ಲಿದ್ದವರು ಜಿನಸೇನರು. ಪಂಪನ ಒಡೆಯ ಅರಿಕೇಸರಿಯೂ ನಾಲ್ವಡಿ ಗೋವಿಂದನ ವಿರುದ್ಧ ಬದ್ದೆಗನಿಗೆ ಸಿಂಹಾಸನವನ್ನು ದೊರಕಿಸಿಕೊಟ್ಟವರಲ್ಲಿ ಒಬ್ಬ. ಆದಿಪುರಾಣ ಮುಗಿದದ್ದು 941ರಲ್ಲಿ, ಆ ಗದ್ದಲ ಅಡಗಿ ಕೆಲವೇ ವರ್ಷಗಳಲ್ಲಿ. ಅರಮನೆಯಲ್ಲಿ ಯಾರ ಹಕ್ಕಿಗೆ ಯಾರು ಯಾವ ಹೆಸರು ಕೊಡುತ್ತಾರೆಂಬುದನ್ನು ಇಂಥ ಕವಿಗಳಿಗೆ ಕಲಿಸಬೇಕಾಗಿರಲಿಲ್ಲ.

ಯುದ್ಧವನ್ನು ತಪ್ಪಿಸಿದವರು ಯಾರೆಂಬುದನ್ನೂ ನೋಡಬೇಕು. ಎರಡೂ ಪಡೆಗಳು ಎದುರಾದಾಗ, ಇವರಿಬ್ಬರೂ ಚರಮಶರೀರಿಗಳು, ಇವರಿಗೆ ಸಾವಿಲ್ಲ, ಸಾಯುವವರು ನಡುವಿನ ಜನ ಎಂದು ಲೆಕ್ಕ ಹಾಕಿ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಇದು ತೀರಲೆಂದು ಸೂಚಿಸಿದವರು ಮಂತ್ರಿಗಳು. ಮಂತ್ರಿಗೆ ಜನ ಕಂಡರು. ಪುರೋಹಿತನಿಗೆ ಲಕ್ಷಣ ಮಾತ್ರ ಕಂಡಿತ್ತು. ಹದಿನಾರನೆಯ ಶತಮಾನದ ರತ್ನಾಕರವರ್ಣಿಗೆ ಈ ಮೂರು ಯುದ್ಧಗಳೂ ಸಹ್ಯವಾಗಲಿಲ್ಲ. ಭರತೇಶವೈಭವದಲ್ಲಿ ಭರತನ ಸವಿನುಡಿಯೇ ತಮ್ಮನನ್ನು ಗೆಲ್ಲುತ್ತದೆ. ಅಲ್ಲಿ ಕವಿಯ ಕರುಣೆ ದೊಡ್ಡದು, ಒಪ್ಪಬೇಕು. ಆದರೆ ಭರತನನ್ನು ನಿರ್ದೋಷಿಯಾಗಿಸುವ ಆತುರದಲ್ಲಿ ದಾಯದ ಪ್ರಶ್ನೆ ಕರಗಿಹೋಗುತ್ತದೆ.

ಅಹಂಕಾರದ ಪ್ರತೀಕವೆನ್ನುವವರೂ ಪುರೋಹಿತನ ಕುತಂತ್ರವೆನ್ನುವವರೂ ಕೊನೆಗೆ ಸೇರುವುದು ಇಲ್ಲಿಗೇ: ದೊರೆಯ ಬಿಡುಗಡೆಗೆ. ಒಬ್ಬರು ಅವನ ತಪ್ಪನ್ನು ಚಕ್ರದ ಮೇಲೆ ಹೊರಿಸುತ್ತಾರೆ, ಇನ್ನೊಬ್ಬರು ಸಲಹೆಗಾರನ ಮೇಲೆ. ಪಠ್ಯವು ಹಾಗೆ ಬಿಡುವುದಿಲ್ಲ. 33ನೆಯ ಪರ್ವದಲ್ಲಿ ಭರತನು ಕೈಲಾಸಕ್ಕೆ ಹೋಗಿ ತಂದೆಯನ್ನು ವಂದಿಸಿಯೇ ಊರ ಕಡೆ ತಿರುಗಿದ್ದಾನೆ. ಪಾಲು ಹಂಚಿದವನು ಕಣ್ಣೆದುರಿಗಿದ್ದನು, ಸರ್ವಜ್ಞನಾಗಿದ್ದನು. ಚಕ್ರ ನಿಂತಾಗ ಆ ಪಾಲಿನ ಅರ್ಥವೇನೆಂದು ಅವನನ್ನೇ ಕೇಳಬಹುದಾಗಿತ್ತು. ಕೇಳಿದವರು ತಮ್ಮಂದಿರು. ಅಣ್ಣನ ಓಲೆ ಬಂದಾಗ ಅವರು ನೇರವಾಗಿ ಋಷಭನಾಥನ ಬಳಿಗೆ ಹೋದರು, ದೀಕ್ಷೆ ಹಿಡಿದರು. ಭರತನಿಗೆ ಆ ದಾರಿ ತಿಳಿಯದೆ ಇರಲಿಲ್ಲ. ಮುಂದೆ 41ನೆಯ ಪರ್ವದಲ್ಲಿ ಕೆಟ್ಟ ಕನಸುಗಳು ಬಿದ್ದಾಗ ಅವುಗಳ ಫಲವನ್ನು ಕೇಳಲು ಅವನು ಪುರೋಹಿತನನ್ನು ನೆಚ್ಚಿ ಕೂರಲಿಲ್ಲ; ಎದ್ದು ತಂದೆಯ ಸಮವಸರಣಕ್ಕೆ ಹೋದನು. ತಮ್ಮಂದಿರ ನೆಲದ ವಿಷಯದಲ್ಲಿ ಮಾತ್ರ ಅವನಿಗೆ ಪುರೋಹಿತನ ಮಾತು ಸಾಕಾಗಿತ್ತು.