ಬೆಳೆಯುವ ಗಂಟು, ಬರಿದಾಗುವ ಕಿಸೆ

ಜೂಜು ಮನುಷ್ಯನಿಗೆ ಹೊಸದಲ್ಲ. ಋಗ್ವೇದದ ಹತ್ತನೆಯ ಮಂಡಲದಲ್ಲಿಯೇ ಜೂಜುಗಾರನ ಅಳಲನ್ನು ಹೇಳುವ ಸೂಕ್ತವೊಂದುಂಟು. ಧರ್ಮರಾಯನ ಪಗಡೆಯಾಟದ ಕಥೆಯನ್ನಂತೂ ಕನ್ನಡಿಗರೆಲ್ಲರೂ ಬಲ್ಲರು. ಅಂದು ಆಟಗಾರನನ್ನು ಹಾಸಿನ ಮುಂದೆ ಕೂರಿಸಲು ಒಬ್ಬ ಶಕುನಿ ಬೇಕಾಗಿದ್ದನು. ಇಂದಿನ ಆನ್‌ಲೈನ್ ಜೂಜಿನಲ್ಲಿ ಆ ಕೆಲಸವನ್ನು ಗಣಿತವೂ ಮನೋವಿಜ್ಞಾನವೂ ಕೂಡಿ ಮಾಡುತ್ತಿವೆ. ಆ ವ್ಯಾಪಾರದವರು ಇದನ್ನು ‘ಆಟಗಾರರನ್ನು ಉಳಿಸಿಕೊಳ್ಳುವುದು’ ಎಂದು ಕರೆಯುತ್ತಾರೆ. ಅವರ ಸಾಧನಗಳಲ್ಲಿ ಮುಖ್ಯವಾದ ಒಂದು ‘ಪ್ರೋಗ್ರೆಸಿವ್ ಜಾಕ್‌ಪಾಟ್’, ಅಂದರೆ ಬೆಳೆಯುತ್ತ ಹೋಗುವ ಬಹುಮಾನ.

ಅದರ ರಚನೆ ಸರಳವಾದುದು. ಪ್ರತಿಯೊಬ್ಬನು ಒಡ್ಡುವ ಪಣದ ಒಂದು ಸಣ್ಣ ಪಾಲು ಒಂದು ನಿಧಿಗೆ ಸೇರುತ್ತದೆ. ಯಾರೂ ಗೆಲ್ಲದಿರುವಷ್ಟು ಕಾಲ ನಿಧಿ ಬೆಳೆಯುತ್ತದೆ. ಅದರ ಮೊತ್ತ ಎಲ್ಲರ ಕಣ್ಣೆದುರಿಗೆ ಏರುತ್ತಲೇ ಇರುತ್ತದೆ. 1986ರಲ್ಲಿ ಅಮೆರಿಕದ ನೆವಾಡಾ ರಾಜ್ಯದಲ್ಲಿ ಬೇರೆ ಬೇರೆ ಜೂಜುಮನೆಗಳ ಯಂತ್ರಗಳನ್ನು ಒಂದೇ ಜಾಲಕ್ಕೆ ಜೋಡಿಸಿ ‘ಮೆಗಾಬಕ್ಸ್’ ಎಂಬ ಆಟವನ್ನು ಆರಂಭಿಸಿದರು. ಅಂತರಜಾಲದಲ್ಲಿ ಇದೇ ತತ್ತ್ವದ ಮೇಲೆ 2006ರಲ್ಲಿ ‘ಮೆಗಾ ಮೂಲಾ’ ಹೊರಟಿತು. 2015ರಲ್ಲಿ ಅದರಲ್ಲಿ 25 ಪೆನ್ಸ್ ಪಣವೊಡ್ಡಿದ ಒಬ್ಬ ಬ್ರಿಟಿಷ್ ಸೈನಿಕನಿಗೆ 1 ಕೋಟಿ 32 ಲಕ್ಷ ಪೌಂಡು ದೊರೆಯಿತು. ಇಂಥ ಸುದ್ದಿ ಲೋಕವನ್ನೆಲ್ಲ ಸುತ್ತುತ್ತದೆ. ಸೋತವರ ಸುದ್ದಿ ಮನೆಯ ಹೊಸ್ತಿಲನ್ನು ದಾಟುವುದಿಲ್ಲ.

ಈಗ ಸ್ವಲ್ಪ ಲೆಕ್ಕ ಹಾಕೋಣ. ಮೆಗಾಬಕ್ಸ್‌ನಲ್ಲಿ ಒಂದು ಆಟಕ್ಕೆ ಜಾಕ್‌ಪಾಟ್ ದೊರೆಯುವ ಸಂಭವನೀಯತೆ ಸುಮಾರು 5 ಕೋಟಿಯಲ್ಲಿ 1. ನಿಮಿಷಕ್ಕೆ 10 ಸಲದಂತೆ ದಿನಕ್ಕೆ 8 ಗಂಟೆ ಆಡಿದರೆ 5 ಕೋಟಿ ಆಟಗಳು ಮುಗಿಯಲು 28 ವರ್ಷಗಳಿಗೂ ಹೆಚ್ಚು ಕಾಲ ಬೇಕು. ಅಷ್ಟು ಆಡಿದವನಿಗಾದರೂ ಬಹುಮಾನ ಖಚಿತವೇ? ಅಲ್ಲ. ಅಂಥ 100 ಮಂದಿಯಲ್ಲಿ ಸುಮಾರು 37 ಮಂದಿಗೆ ಜಾಕ್‌ಪಾಟ್ ಒಮ್ಮೆಯೂ ದೊರೆಯದು. ಆಟಕ್ಕೆ 3 ಡಾಲರಿನಂತೆ ಪ್ರತಿಯೊಬ್ಬನು ಒಡ್ಡಿದ ಪಣ 15 ಕೋಟಿ ಡಾಲರು. 2003ರಲ್ಲಿ ಲಾಸ್ ವೇಗಸ್ಸಿನಲ್ಲಿ ಒಬ್ಬರಿಗೆ ದೊರೆತ ಭಾರಿ ಮೆಗಾಬಕ್ಸ್ ಜಾಕ್‌ಪಾಟ್ ಕೂಡ 4 ಕೋಟಿ ಡಾಲರನ್ನು ಮುಟ್ಟಲಿಲ್ಲ.

ಹೀಗಿದ್ದೂ ಜನ ಏಳದೆ ಕೂರುವುದೇಕೆ? ಬೆಳೆಯುವ ಮೊತ್ತ ಎರಡು ಭ್ರಮೆಗಳನ್ನು ಹುಟ್ಟಿಸುತ್ತದೆ. ‘ಇಷ್ಟು ಬೆಳೆದಿದೆ, ಇನ್ನೇನು ಯಾರಿಗಾದರೂ ಬರಲೇಬೇಕು’ ಎಂಬುದು ಮೊದಲನೆಯದು. ನಿಗದಿಯಾದ ಮೊತ್ತದೊಳಗೆ ಬಹುಮಾನ ಬಿದ್ದೇ ತೀರುವಂತೆ ಕಟ್ಟಿದ ಕೆಲವು ಆಟಗಳನ್ನು ಬಿಟ್ಟರೆ ಇದು ತಪ್ಪು. ಯಂತ್ರಕ್ಕೆ ನೆನಪಿಲ್ಲ, ಪ್ರತಿಯೊಂದು ಆಟವೂ ಹಿಂದಿನದರಿಂದ ಸ್ವತಂತ್ರ. ‘ಅದರಲ್ಲಿ ನನ್ನ ಹಣವೂ ಇದೆ, ಎದ್ದು ಹೋದರೆ ಪರರ ಪಾಲಾಗುತ್ತದೆ’ ಎಂಬುದು ಎರಡನೆಯದು. ಕೊಟ್ಟ ಹಣ ಕೂತರೂ ಹೋಯಿತು, ಎದ್ದರೂ ಹೋಯಿತು.

ದೂರದ ಆಸೆಯೊಂದೇ ಸಾಲದೆಂಬುದನ್ನು ಈ ಆಟಗಳನ್ನು ರೂಪಿಸುವವರು ಬಲ್ಲರು. ಮನೋವಿಜ್ಞಾನಿಗಳಾದ ಫರ್ಸ್ಟರ್ ಮತ್ತು ಸ್ಕಿನ್ನರ್ 1957ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪಾರಿವಾಳಗಳ ಮೇಲಿನ ಪ್ರಯೋಗಗಳ ವಿವರವಿದೆ. ಎಷ್ಟು ಸಲ ಕುಕ್ಕಿದರೆ ಕಾಳು ಬೀಳುವುದೆಂದು ಊಹಿಸಲಾಗದಂತೆ ಮಾಡಿದಾಗ ಹಕ್ಕಿ ಬಿಡುವಿಲ್ಲದೆ ಕುಕ್ಕುತ್ತಿತ್ತು. ಮೆಗಾ ಮೂಲಾದಲ್ಲಿ ಜಾಕ್‌ಪಾಟ್ ಒಂದಲ್ಲ, ನಾಲ್ಕು ಅಂತಸ್ತಿನದು. ಕೆಳಗಿನ ಸಣ್ಣವು ಹೆಚ್ಚು ಸಲ ಬೀಳುತ್ತವೆ. ದೊಡ್ಡದು ಆಟಗಾರನನ್ನು ಕರೆತರುತ್ತದೆ, ಸಣ್ಣವು ಅವನನ್ನು ಕೂರಿಸುತ್ತವೆ.

ವಯಸ್ಕನು ತನ್ನ ಹಣವನ್ನು ತನ್ನಿಷ್ಟದಂತೆ ಕಳೆದುಕೊಂಡರೆ ಯಾರಿಗೇನು ಎಂದು ಕೆಲವರು ಕೇಳಬಹುದು. ಅರಿತು ಆರಿಸಿಕೊಂಡಾಗ ಮಾತ್ರ ಆ ಮಾತಿಗೆ ಬೆಲೆ. ಏರುವ ಮೊತ್ತವನ್ನು ದೊಡ್ಡ ಅಂಕಿಗಳಲ್ಲಿ ಕಾಣಿಸಿ, ಅದು ದೊರೆಯುವ ಸಂಭವನೀಯತೆಯನ್ನು ಪಕ್ಕದಲ್ಲಿ ಕಾಣಿಸದಿರುವುದು ಅರ್ಧಸತ್ಯ. ಕಾನೂನು ಇಂಥ ಆಟವನ್ನು ಒಪ್ಪಿರುವ ನಾಡುಗಳಲ್ಲಿ ಈ ಎರಡನ್ನೂ ಒಂದೇ ಗಾತ್ರದ ಅಂಕಿಗಳಲ್ಲಿ, ಒಂದರ ಪಕ್ಕದಲ್ಲಿ ಇನ್ನೊಂದನ್ನು ತೋರಿಸುವುದು ಕಡ್ಡಾಯವಾಗಬೇಕೆಂಬುದು ನಮ್ಮ ಅಭಿಪ್ರಾಯ.

ಭಾರತದ ಸಂಸತ್ತು 2025ರ ಆಗಸ್ಟಿನಲ್ಲಿ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಯನ್ನು ಅಂಗೀಕರಿಸಿತು. ಆದರೆ ಕಾಯಿದೆಯ ಕೈ ಎಲ್ಲ ಕಡೆಗೂ ನಿಲುಕದು, ಅಂತರಜಾಲಕ್ಕೆ ಗಡಿಗಳಿಲ್ಲ. ಶಾಲೆಯಲ್ಲಿ ಕಲಿತ ಸಂಭವನೀಯತೆಯ ಪಾಠವಾದರೋ ವಿದ್ಯಾರ್ಥಿಯು ಹೋದಲ್ಲೆಲ್ಲ ಅವನೊಡನೆ ಇರುತ್ತದೆ. ನಿಮ್ಮಲ್ಲಿ ಕೆಲವರು ನಾಳೆ ಗಣಕಯಂತ್ರಗಳಿಗೆ ಕ್ರಮವಿಧಿ ಬರೆಯುವವರಾಗುತ್ತೀರಿ. ಜನರನ್ನು ಪರದೆಯ ಮುಂದೆ ಉಳಿಸಿಕೊಳ್ಳುವ ಕೆಲಸ ನಿಮ್ಮ ಪಾಲಿಗೂ ಬರಬಹುದು. ಆಗ, ಹೀಗೆ ಉಳಿದವನು ಏನನ್ನು ಪಡೆದು ಎದ್ದು ಹೋಗುತ್ತಾನೆ ಎಂಬ ಪ್ರಶ್ನೆಯನ್ನು ಕೆಲಸಕ್ಕೆ ಕೈಹಾಕುವ ಮೊದಲೇ ಕೇಳಿಕೊಳ್ಳಿರಿ.