ಮಕ್ಕಳ ಕಥೆಯಾಟಕ್ಕೆ ಯಾವ ಕಾಲ?



ಸಿಂದಗಿ ಕಡೆಯ ತಾಯಿಯೊಬ್ಬರು ಬರೆದ ಪತ್ರವು ಈ ತಿಂಗಳ ಅಂಕಣಕ್ಕೆ ಕಾರಣವಾಗಿದೆ. ಕಾಲೇಜಿನಲ್ಲಿ ಓದುವ ಅವರ ಮಗನು ರಜೆಗೆಂದು ಊರಿಗೆ ಬಂದವನು, ಓಣಿಯ ಮಕ್ಕಳನ್ನೆಲ್ಲ ಕಲೆಹಾಕಿಕೊಂಡು ಪಡಸಾಲೆಯಲ್ಲಿ ಒಂದು ಹೊಸ ಬಗೆಯ ಆಟವನ್ನು ಹೂಡಿದ್ದಾನೆ. ಅದಕ್ಕೆ ಮನೆ ಬರೆಯಬೇಕಿಲ್ಲ, ಕಾಯಿ ನಡೆಸಬೇಕಿಲ್ಲ. ಒಬ್ಬನು ಕಥೆ ಹೇಳುತ್ತಾನೆ. ಉಳಿದವರು ಆ ಕಥೆಯೊಳಗಿನ ಒಂದೊಂದು ಪಾತ್ರವಾಗಿ “ನಾನು ಹೀಗೆ ಮಾಡುತ್ತೇನೆ” ಎನ್ನುತ್ತಾರೆ. ಮಾಡಿದ್ದು ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ಉರುಳಿಸಿ ತಿಳಿಯುತ್ತಾರೆ. ಕಥೆಯು ಒಂದು ದಿನಕ್ಕೆ ಮುಗಿಯದೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸಾಗುತ್ತದೆ. ಆ ತಾಯಿಯ ಪ್ರಶ್ನೆಗಳು ಎರಡು. ಇದು ಜೂಜಲ್ಲವೆ? ಜೂಜಲ್ಲವೆಂದಾದರೆ, ಕಥೆಯನ್ನು ಯಾವ ಕಾಲದಲ್ಲಿ ನಡೆಸಬೇಕೆಂದು ಮಕ್ಕಳು ಜಗಳವಾಡುತ್ತಿದ್ದಾರೆ, ಹಿರಿಯರಾದ ನಾವು ಏನು ಹೇಳಬೇಕು?

ಮೊದಲನೆಯದಕ್ಕೆ ಉತ್ತರ ಸುಲಭ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವು ಈ ಬಗೆಯ ಆಟಗಳಿಗೆ ಮೂಲ. ಇದರಲ್ಲಿ ಪಣವಿಲ್ಲ, ಒಬ್ಬನು ಗೆದ್ದು ಇನ್ನೊಬ್ಬನು ಸೋಲುವುದೂ ಇಲ್ಲ. ದಾಳವೆಂದೊಡನೆ ಧರ್ಮರಾಯನನ್ನು ನೆನೆಯುವ ಅಜ್ಜಿಯರು, ತಾವೇ ಕಟ್ಟೆಯ ಮೇಲೆ ಕುಳಿತು ಚೌಕಾಬಾರಕ್ಕೆ ಹಾಕಿದ ಕವಡೆಗಳನ್ನು ನೆನೆಯಲಿ. ವೇಷ ತೊಟ್ಟು ಇನ್ನೊಬ್ಬನಾಗಿ ಮಾತನಾಡುವುದೂ, ದೊಡ್ಡಾಟ, ಶ್ರೀಕೃಷ್ಣ ಪಾರಿಜಾತಗಳನ್ನು ಬೆಳಗಿನ ಜಾವದವರೆಗೆ ನೋಡಿದ ನಮ್ಮ ಸೀಮೆಗೆ ಹೊಸದಲ್ಲ. ಅಲ್ಲಿ ಮುಂದಿನ ಮಾತು ಪಾತ್ರಧಾರಿಗೆ ಗೊತ್ತಿರುತ್ತದೆ, ಇಲ್ಲಿ ಗೊತ್ತಿರುವುದಿಲ್ಲ, ವ್ಯತ್ಯಾಸ ಅಷ್ಟೇ.

ಎರಡನೆಯ ಪ್ರಶ್ನೆ ತೂಕದ್ದು. ಅದಕ್ಕೆ ಉತ್ತರಿಸಲು ನಮ್ಮ ಮನೆಯಲ್ಲಿ ನಡೆದುದನ್ನೇ ಹೇಳಬೇಕಾಗಿದೆ.

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಮಕ್ಕಳೂ ಇದೇ ಆಟ ಹೂಡಿದ್ದರು. ಮುದ್ದೇಬಿಹಾಳ ಸೀಮೆಯವರಾದ್ದರಿಂದ ಅವರಿಗೆ ಮೊದಲು ಹೊಳೆದದ್ದು 1565ರ ಕಾಲ. ತಾಳಿಕೋಟೆಯ ಯುದ್ಧ, ರಕ್ಕಸಗಿ-ತಂಗಡಗಿ ಯುದ್ಧ ಎಂದು ಹೆಸರಾದ ಆ ಕಾಳಗದಲ್ಲಿ ಆನೆಯಿದೆ, ಕುದುರೆಯಿದೆ, ತೋಪುಗಳಿವೆ. ಹಿರಿಯ ಹುಡುಗರು ದಳಪತಿ, ರಾವುತ, ಗೂಢಚಾರರಾದರು. ಮೊಮ್ಮಗಳಿಗೆ ಕೋಟೆಯೊಳಗೆ ಕಾಯ್ದು ಕುಳಿತ ರಾಣಿಯ ಪಾತ್ರ ಬಂತು. ನಮ್ಮ ಹಿಂದಿನ ಓಣಿಯಿಂದ ದಿನವೂ ಬರುವ ಒಬ್ಬ ಹುಡುಗನಿದ್ದಾನೆ. ಅವನ ಹಿರಿಯರು ತೊಗಲಿನ ಕೆಲಸ ಮಾಡುತ್ತಿದ್ದವರು. ಅವನಿಗೆ ಕುದುರೆಯ ಲಾಯ ನೋಡುವವನ ಪಾತ್ರ ಸಿಕ್ಕಿತು. ಮರುದಿನ ತೋಪಿನ ಬಂಡಿ ಎಳೆಯುವವನ ಪಾತ್ರ. ನಾಲ್ಕನೆಯ ಸಂಜೆ ಆ ಹುಡುಗ ಬರಲಿಲ್ಲ. ಮೊಮ್ಮಗಳೂ ಎದ್ದು ಒಳಗೆ ಹೋದಳು. ಏಕೆಂದು ಕೇಳಿದರೆ ಹಿರಿಯ ಮೊಮ್ಮಗ ಯಾವ ಕಪಟವೂ ಇಲ್ಲದೆ ಅಂದ: “ಆ ಕಾಲದಾಗ ಹಂಗ ಇತ್ತಲ್ಲ?”

ಆ ಮಾತು ನನಗೆ ರಾತ್ರಿಯೆಲ್ಲ ನಿದ್ದೆ ಕೊಡಲಿಲ್ಲ. ಮೂರು ಸಂಜೆಯೂ ನಾನು ಅಲ್ಲಿಯೇ ಹೊರಸಿನ ಮೇಲೆ ಪತ್ರಿಕೆ ಓದುತ್ತ ಕುಳಿತಿದ್ದೆ. ಎಲ್ಲವೂ ಕಿವಿಗೆ ಬಿದ್ದಿತ್ತು. ತಪ್ಪೆಂದು ನನಗೂ ತೋರಲಿಲ್ಲ.

ಕಥೆಗೆ ಕಾಲವನ್ನು ಆರಿಸುವುದೆಂದರೆ ಅಲಂಕಾರವನ್ನು ಆರಿಸುವುದೆಂದು ನಾವು ತಿಳಿಯುತ್ತೇವೆ. ಹಾಗಲ್ಲ. ಯಾವ ಮಗುವಿಗೆ ಎಷ್ಟು ದೊಡ್ಡ ಬಾಗಿಲು ತೆರೆಯಬೇಕೆಂಬುದನ್ನು ಆಗಲೇ ನಿರ್ಧರಿಸಿಬಿಟ್ಟಿರುತ್ತೇವೆ. ಒಂದು ಸಂಜೆಯ ಆಟವಾದರೆ ಹೇಗೋ ನಡೆದೀತು. ವರ್ಷವಿಡೀ ನಡೆಯುವ ಆಟದಲ್ಲಿ ಅದೇ ಮಗು ಅದೇ ಬಾಗಿಲಲ್ಲಿ ನಿಂತಿರಬೇಕಾಗುತ್ತದೆ.

ನಮ್ಮ ನಾಲ್ಕು ತಾಲ್ಲೂಕುಗಳ ನೆಲದಲ್ಲಿ ಕಾಲಗಳಿಗೇನೂ ಕೊರತೆಯಿಲ್ಲ. ಇಂಡಿಯ ಹತ್ತಿರದ ಸಾಲೋಟಗಿಯಲ್ಲಿ, ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದ 945ರ ಶಾಸನವು ಹೇಳುವ ವಿದ್ಯಾಶಾಲೆಯಿತ್ತು. ನಾನಾ ನಾಡುಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಿದ್ದರು. ಒಳ್ಳೆಯ ಕಥೆಗೆ ತಕ್ಕ ಸ್ಥಳವೇ. ಆದರೆ ಆ ಶಾಲೆಯ ಹೊಸ್ತಿಲನ್ನು ಎಲ್ಲ ಮಕ್ಕಳೂ ದಾಟಲಾರರು. ಇನ್ನು ಕೃಷ್ಣೆಯ ದಂಡೆಯ ತಂಗಡಗಿಯನ್ನೇ ನೋಡಿರಿ. ಒಂದು ಕಾಲದಲ್ಲಿ ಅದು ಸಾಮ್ರಾಜ್ಯವೊಂದು ಮುರಿದುಬಿದ್ದ ಯುದ್ಧದ ಹೆಸರಿನಲ್ಲಿ ಸೇರಿಕೊಂಡ ಊರು. ಅದಕ್ಕೂ ನಾಲ್ಕು ಶತಮಾನಗಳ ಹಿಂದೆ, ತಾಯಿ ನೀಲಾಂಬಿಕೆ ಐಕ್ಯಳಾದಳೆಂದು ನಾವು ನಂಬಿ ನಡೆದುಕೊಳ್ಳುವ ಊರು. ಅದೇ ಹೊಳೆ, ಅದೇ ದಂಡೆ. ಮಕ್ಕಳನ್ನು ಯಾವ ತಂಗಡಗಿಗೆ ಕರೆದೊಯ್ಯಬೇಕು?

ಹನ್ನೆರಡನೆಯ ಶತಮಾನವೆಂದು ನಾನು ಸೂಚಿಸಿದೆ. ಅಂಬಿಗ, ನೂಲುವವಳು, ಸೌದೆ ಮಾರುವವನು, ದನ ಕಾಯುವವನು, ಮಂತ್ರಿ ಇವರೆಲ್ಲ ಒಂದೇ ಕಡೆ ಕುಳಿತು ವಾದಿಸಬಹುದಾದ ಕಾಲ ನಮ್ಮ ಸೀಮೆಯ ಚರಿತ್ರೆಯಲ್ಲಿ ಅದಕ್ಕಿಂತ ಮತ್ತೊಂದು ಸಿಗದು. ಆದರೆ ಶತಮಾನವೆಂದರೆ ಸಾಲದು, ವರ್ಷ ಬೇಕು. ಮಕ್ಕಳು ಒಕ್ಕೊರಲಿನಿಂದ “1167, ಕಲ್ಯಾಣ ಕ್ರಾಂತಿ!” ಎಂದರು. ಅದು ನಾಟಕಕ್ಕೆ ಸರಿ. ಲಂಕೇಶರ ‘ಸಂಕ್ರಾಂತಿ’, ಗಿರೀಶ ಕಾರ್ನಾಡರ ‘ತಲೆದಂಡ’ ಇವೆರಡೂ ಆ ಕೊನೆಯ ದಿನಗಳನ್ನೇ ಆರಿಸಿಕೊಂಡಿವೆ. ಎರಡು ಮೂರು ತಾಸುಗಳಲ್ಲಿ ಮುಗಿಯಬೇಕಾದ ರಂಗಕ್ಕೆ ಬೆಂಕಿ ಹತ್ತಿದ ಮನೆಯೇ ಬೇಕು. ವರ್ಷವಿಡೀ ಆಡುವವರಿಗೆ ಅದು ಸಲ್ಲದು. ಮೊದಲ ವಾರವೇ ಊರು ಉರಿದರೆ ಎರಡನೆಯ ವಾರ ಆಡುವುದೇನನ್ನು? ಆದ್ದರಿಂದ 1155ರ ಸುಮಾರಿಗೆ ಆರಂಭಿಸಲು ಹೇಳಿದೆ. ಬಿಜ್ಜಳನಿನ್ನೂ ಚಾಲುಕ್ಯರ ಮಾಂಡಲಿಕ. ಅವನ ಮಂಗಳವೇಢೆಯು ಇಂಡಿಗೆ ದೂರವಲ್ಲ. ಸೊನ್ನಲಿಗೆಯಲ್ಲಿ ಸಿದ್ಧರಾಮರು ಕೆರೆ ಕಟ್ಟಿಸಿದರೆಂಬುದು ಎಲ್ಲರಿಗೂ ಗೊತ್ತು. ಪಾತ್ರಗಳಿಗೆ ಮಾಡಲು ಕೆಲಸವಿದೆ, ಬೆಳೆಯಲು ಹನ್ನೆರಡು ವರ್ಷಗಳ ಅವಕಾಶವಿದೆ.

ಕೆಲವು ಕಟ್ಟಳೆಗಳನ್ನೂ ಮಾಡಿಕೊಂಡೆವು. ಮೊದಲನೆಯದು, ಶರಣರ ಪಾತ್ರವನ್ನು ಯಾರೂ ವಹಿಸಬಾರದು. ಬಸವಣ್ಣನವರು ದಾಳ ಬಿದ್ದಂತೆ ನಡೆಯುವವರಲ್ಲ. ಅವರು ಜನಿಸಿದ ವರ್ಷದ ಬಗೆಗೇ ವಿದ್ವಾಂಸರಲ್ಲಿ ಒಮ್ಮತವಿಲ್ಲದಿರುವಾಗ ಅವರ ಬಾಯಿಗೆ ನಮ್ಮ ಮಾತು ತುರುಕುವುದು ಬೇಡ. ಬಾಗೇವಾಡಿಯ ಸಂತೆಗೆ ಹೋದವರಿಗೆ ಅವರ ಸುದ್ದಿ ತಿಳಿಯಬಹುದು, ಅಷ್ಟು ಸಾಕು. ಎರಡನೆಯದು, ಕಾಲಕ್ಕೆ ನಿಷ್ಠೆ. ಮೆಣಸಿನಕಾಯಿ, ಶೇಂಗಾಗಳು ಪೋರ್ತುಗೀಜರು ಬಂದ ನಂತರವೇ ನಮ್ಮ ನಾಡಿಗೆ ಬಂದವು. ಬುತ್ತಿಯಲ್ಲಿ ಜೋಳದ ರೊಟ್ಟಿಯಿದೆ, ಶೇಂಗಾ ಹಿಂಡಿಯಿಲ್ಲ, ಖಾರಕ್ಕೆ ಕರಿಮೆಣಸು ಎಂದಾಗ ಮಕ್ಕಳಿಗಾದ ಬೆರಗನ್ನು ನೋಡಬೇಕಿತ್ತು! ಮೂರನೆಯದು, ಅದ್ಭುತಕ್ಕೆ ಎಡೆಯುಂಟು. ಆದರೆ ಅದು ಈ ಮಣ್ಣಿನದಾಗಿರಬೇಕು. ಸಿಂದಗಿ ಸೀಮೆಯ ಗೊಲ್ಲಾಳೇಶ್ವರನ ಗೋಲಗೇರಿಯಲ್ಲಿ, ಕುರಿಯ ಹಿಕ್ಕೆಯನ್ನೇ ಲಿಂಗವೆಂದು ಪೂಜಿಸಿದ ಕುರುಬನ ಕಥೆಯಿರುವಾಗ ಬೆಂಕಿಯುಗುಳುವ ಪರದೇಶದ ಹಾವನ್ನು ಕರೆಸಬೇಕಾಗಿಲ್ಲ.

ನಾಲ್ಕನೆಯದನ್ನು ನಾನು ಮಾತ್ರ ಪಾಲಿಸಬೇಕಾಗಿತ್ತು. ಆ ಹುಡುಗನ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ಹನ್ನೆರಡನೆಯ ಶತಮಾನದಲ್ಲಿಯೂ ಬಾವಿಗೆ ಬೇಲಿಯಿತ್ತು, ಗುಡಿಗೆ ಕದವಿತ್ತು; ಹರಳಯ್ಯ ಮಧುವರಸರು ಮಕ್ಕಳ ಮದುವೆಗೆ ತೆತ್ತ ಬೆಲೆ ನಮಗೆಲ್ಲ ಗೊತ್ತು. ಅದನ್ನು ಮುಚ್ಚಿಟ್ಟು ಸಿಹಿಗತೆ ಮಾಡಿದರೆ ಶರಣರು ಹೋರಾಡಿದ್ದಾದರೂ ಯಾವುದರ ವಿರುದ್ಧ? ಆದುದರಿಂದ ಅವನನ್ನೇ ಕೇಳಿದೆ: “ಕಥೆಯಲ್ಲಿ ಅದೂ ಬರಬೇಕೇ? ನೀನು ಏನಾಗುತ್ತೀ?” ಅವನು ಬಹಳ ಹೊತ್ತು ಯೋಚಿಸಿ, “ಬರಲಿ. ನಾನು ತಂಗಡಗಿ ಕಡವಿನ ಅಂಬಿಗ ಆಗ್ತೀನ್ರಿ. ಹೊಳಿ ದಾಟಬೇಕಂದ್ರ ಎಲ್ಲಾರೂ ನನ್ನ ಕೇಳಬೇಕು” ಎಂದ. ಮೊಮ್ಮಗಳು ನೂಲು ಮಾರುತ್ತ ಸಂತೆಯಿಂದ ಸಂತೆಗೆ ತಿರುಗುವವಳಾದಳು. ಅವಳಿಗೆ ಗೊತ್ತಿಲ್ಲದ ಸುದ್ದಿಯೇ ಈಗ ಆ ಕಥೆಯಲ್ಲಿಲ್ಲ.

ಆಟವು ಈಗಲೂ ರವಿವಾರಕ್ಕೊಮ್ಮೆ ನಡೆದಿದೆ. ಕಥೆಯು 1160ನ್ನು ಮುಟ್ಟಿದೆ. ಮೊನ್ನೆ ಹಿರಿಯ ಮೊಮ್ಮಗ ಕೇಳಿದ: “1167 ಬಂದಾಗ ಅದನ್ನು ನಾವು ತಡೆಯಬಹುದೇನು?” ತಡೆಯಲಾಗದು, ನಡೆದುಹೋದುದು ಮನೆಯ ಕಂಬವಿದ್ದಂತೆ, ಅದನ್ನು ಸರಿಸಲಾಗದು, ಕಂಬಗಳ ನಡುವೆ ಓಡಾಡುವ ನಿಮ್ಮ ಪಾತ್ರಗಳು ಮಾತ್ರ ಸ್ವತಂತ್ರ, ಎಂದೆ. ಶರಣರು ಕಲ್ಯಾಣವನ್ನು ಬಿಟ್ಟು ಚದುರಿದರು, ಚೆನ್ನಬಸವಣ್ಣನವರು ಉಳವಿಯತ್ತ ನಡೆದರು, ವಚನದ ಕಟ್ಟುಗಳನ್ನು ಯಾರು ಯಾರೋ ಹೊತ್ತು ಉಳಿಸಿದರು. ಹಾಗೆ ಹೊತ್ತವರೆಲ್ಲರ ಹೆಸರು ಉಳಿದಿಲ್ಲ ಎಂದೂ ಹೇಳಿದೆ. ಪಡಸಾಲೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಕೊನೆಗೆ ಅಂಬಿಗನೇ ಅಂದ: “ಹಂಗಾದ್ರ ಒಂದು ಕಟ್ಟು ನನ್ನ ದೋಣಿಯಾಗ ದಾಟಲಿ.” ಉಳಿದ ಏಳು ವರ್ಷಗಳಲ್ಲಿ ದೋಣಿಯನ್ನು ಗಟ್ಟಿ ಮಾಡಿಕೊಳ್ಳಬೇಕೆಂದು ಈಗ ಅವರ ಯೋಜನೆ ನಡೆದಿದೆ.

ಆದುದರಿಂದ, ಪತ್ರ ಬರೆದ ತಾಯಿಯವರೆ, ಯಾವ ಕಾಲವೆಂದು ತೀರ್ಪು ಕೊಡಲು ಹೋಗಬೇಡಿರಿ. ಮಕ್ಕಳು ಹೇಳಿದ ಪ್ರತಿ ಕಾಲಕ್ಕೂ ಒಂದೇ ಪ್ರಶ್ನೆ ಕೇಳಿರಿ: ನಮ್ಮ ಪಡಸಾಲೆಗೆ ಬರುವ ಎಲ್ಲ ಮಕ್ಕಳಲ್ಲಿ, ಈ ಕಾಲದಲ್ಲಿ ಬಾಗಿಲಾಚೆ ಉಳಿಯುವವರು ಯಾರು? ಉತ್ತರ ಅವರೇ ಕಂಡುಕೊಳ್ಳುತ್ತಾರೆ. ಪತ್ರಿಕೆ ಓದುತ್ತ ಹೊರಸಿನ ಮೇಲೆ ಕುಳಿತ ಹಿರಿಯರಿಗೂ ಒಮ್ಮೆ ಕೇಳಿಸುವಂತೆ ಕೇಳಿರಿ.